ಕಾಕಾ ತೊಳೆಸಿದ ತೋಳು

ನಮ್ಮ ಕಾಕಾ ಧಾರವಾಡದಲ್ಲಿ ವಕೀಲರು. ಓದಿದ ಮೂರ್ಖರು ಹೇಗಿರುತ್ತಾರೆಂದು ನಾನು ಚಿಕ್ಕಂದಿನಲ್ಲೇ ಕಲಿತದ್ದು ಅವರಿಂದ. ಅಪ್ಪ ತೀರಿಕೊಂಡ ಮೇಲೆ ಅವ್ವ, ನಾನು ಅವರ ಮನೆಯಲ್ಲೇ ಇದ್ದೆವು. ಅವ್ವ ಅಡಿಗೆಮನೆ ಬಿಟ್ಟು ಹೊರಗೆ ಬಂದದ್ದು ಕಡಿಮೆ. ನಾನು ಕಾಕಾ ಅವರ ಮಗಳ ಸೆರಗು ಹಿಡಿದು ಬೆಳೆದೆ. ಅವಳು ನನಗಿಂತ ತುಸು ದೊಡ್ಡವಳು, ಅಕ್ಕ ಎನ್ನುತ್ತಿದ್ದೆ.

ಸಿಡುಬಿಗೆ ನಮ್ಮ ಕಡೆ ದೇವಿ ಎನ್ನುತ್ತಾರೆ. ಅದಕ್ಕೆ ಮದ್ದು ಚುಚ್ಚಿಸುವುದಕ್ಕೂ ದೇವಿ ಹಾಕಿಸುವುದು ಎಂದೇ ಹೆಸರು. ಒಮ್ಮೆ ಸಾಲೆಗೆ ದೇವಿ ಹಾಕುವವರು ಬಂದು ನಮ್ಮಿಬ್ಬರ ತೋಳನ್ನೂ ಗೀರಿದರು. ಕೇಳಿದೊಡನೆ ಕಾಕಾ ಕೆಂಡವಾದರು.

"ಕರುವಿನ ಮೈಯಾಗಿನ ರಸಿ ಅದು. ನಮ್ಮ ಮನೆತನದ ರಕ್ತದಾಗ ಕೂಡಸಬೇಕೇನು?"

ಅಕ್ಕನನ್ನು ಬಚ್ಚಲಿಗೆ ಕಳಿಸಿ, ಗೀರಿನ ಮೇಲೆ ನಿಂಬೆಹಣ್ಣು ಹಿಂಡಿಸಿ, ಸೀಗೆಪುಡಿ ಹಾಕಿ ತಿಕ್ಕಿಸಿದರು. ಆಗ ಮಡಿವಂತರ ಎಷ್ಟೋ ಮನೆಗಳಲ್ಲಿ ಇದೇ ರೂಢಿ. ನನ್ನ ತೋಳು ಯಾರಿಗೂ ನೆನಪಾಗಲಿಲ್ಲ. ತಂದೆಯಿಲ್ಲದ ಹುಡುಗಿಯ ರಕ್ತ ಕೆಟ್ಟರೆಷ್ಟು, ಬಿಟ್ಟರೆಷ್ಟು.

ನನ್ನ ತೋಳು ಬಾತು ಕೀವಾಯಿತು, ಜ್ವರ ಬಂತು. ಅಕ್ಕನ ಗೀರು ಸದ್ದಿಲ್ಲದೆ ಒಣಗಿತು. ಕಾಕಾ ಕಟ್ಟೆಯ ಮೇಲೆ ಕೂತು, ಬಂದವರಿಗೆಲ್ಲ ನಮ್ಮಿಬ್ಬರ ತೋಳು ತೋರಿಸುತ್ತಿದ್ದರು.

"ಶುದ್ಧ ರಕ್ತ ಇದ್ದಲ್ಲಿ ಅದು ಏಳೂದೇ ಇಲ್ಲರಿ. ಹುಳುಕು ಮೈಯಾಗ ಹೆಂಗ ಕುಣದದ ನೋಡ್ರಿ."

ದೇವಿ ಎದ್ದಿದೆಯೋ ಇಲ್ಲವೋ ಎಂದು ನೋಡಲು ಸಾಲೆಗೆ ಬಂದಿದ್ದವರು ಮನೆಗೆ ಬಂದಾಗ, ಕಾಕಾ "ಇಬ್ಬರಿಗೂ ಛಲೋ ಎದ್ದದರಿ" ಎಂದು ಚಹ ಕುಡಿಸಿ ಬಾಗಿಲಿನಿಂದಲೇ ಸಾಗಹಾಕಿದರು. ಊಟಕ್ಕೆ ಮಾತ್ರ ಬರಿಮೈಯಲ್ಲಿ ಕೂಡುತ್ತಿದ್ದರಲ್ಲ, ಅವರ ಸ್ವಂತ ತೋಳಿನ ಮೇಲೆ ಎಂದೋ ಹಾಕಿಸಿಕೊಂಡ ದೇವಿಯ ದುಂಡು ಕಲೆಗಳು ಮನೆಮಂದಿಗೆಲ್ಲ ಕಾಣುತ್ತಿದ್ದವು. ಕೇಳುವ ಧೈರ್ಯ ಯಾರಿಗಿತ್ತು?

ತೋಳು ಬಾತದ್ದೇ ಒಳ್ಳೆಯ ಲಕ್ಷಣವೆಂದು ಬಹಳ ವರ್ಷಗಳ ಮೇಲೆ ಓದಿ ತಿಳಿದೆ. ಮೈ ಆಗ ರೋಗದ ಗುರುತು ಹಿಡಿದು, ರಕ್ತದಲ್ಲಿ ಪ್ರತಿಕಾಯಗಳನ್ನು ಕಟ್ಟಿಕೊಳ್ಳುತ್ತದಂತೆ. ಮುಂದೆ ರೋಗ ಬಂದರೂ ಹಗುರಾಗಿ ಹೋಗುತ್ತದಂತೆ. ಕಾಕಾ ಶುದ್ಧಿಯ ಹೆಸರಿನಲ್ಲಿ ತೊಳೆಸಿದ್ದು ಅದನ್ನೇ.

ಅಕ್ಕನಿಗೆ ಹುಬ್ಬಳ್ಳಿಯ ರೈಲ್ವೆ ಕಚೇರಿಯ ಹುಡುಗನೊಡನೆ ಮದುವೆ ಗೊತ್ತಾದ ವರ್ಷ ಊರಿಗೆ ದೇವಿ ಬಂತು. ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದ ನಮ್ಮಿಬ್ಬರಿಗೂ ತಗಲಿತು. ನನ್ನ ಬೆನ್ನಿನ ಮೇಲೆ ಒಂದಿಷ್ಟು ಗುಳ್ಳೆಗಳೆದ್ದು ಬಾಡಿದವು. ಅಕ್ಕನ ಮೈಮೇಲೆ ಬೆರಳಿಡಲು ಜಾಗವಿರಲಿಲ್ಲ. ಬೇವಿನ ಸೊಪ್ಪಿನ ಮೇಲೆ ಮಲಗಿದ್ದವಳು ಒಂದು ಮಧ್ಯಾಹ್ನ, "ಅಪ್ಪಾ, ದೀಪಾ ಹಚ್ಚರಿ" ಎಂದಳು. ಅವಳ ಜೀವ ಉಳಿಯಿತು, ಎರಡೂ ಕಣ್ಣು ಹೋದವು. ಕಾಕಾ "ದೇವಿ ಇಚ್ಛಾ" ಎಂದು ಕೈ ಮುಗಿದರು.

ಗಂಡಿನವರು ಮಾತು ಮುರಿಯಲು ಬಂದರು. ಸಂಬಂಧ ಕೈಬಿಡಲು ಕಾಕಾ ಅವರಿಗೆ ಮನಸ್ಸಿಲ್ಲ. ನನ್ನನ್ನು ಪಡಸಾಲೆಗೆ ಕರೆಸಿ, ಕುಪ್ಪಸದ ತೋಳು ಮೇಲೆ ಸರಿಸಿ ಅವರಿಗೆ ತೋರಿಸಿದರು.

"ನಮ್ಮ ಅಣ್ಣನ ಮಗಳರಿ, ಈಕಿನ್ನ ಮಾಡಿಕೋರಿ. ಸಣ್ಣಾಕಿ ಇದ್ದಾಗನ ದೇವಿ ಹಾಕಿಸೇವಿ. ಈಕಿ ಮಾರಿ ಮ್ಯಾಲೆ ಇನ್ನ ಒಂದ ಕಲಿ ಸೈತ ಬೀಳೂದಿಲ್ಲರಿ. ನಾವು ಸುಧಾರಿಸಿದ ಮಂದಿ."

ಆಗ ಹುಟ್ಟಿದ ಹೇಸಿಗೆ ಇವತ್ತಿಗೂ ಹೋಗಿಲ್ಲ. ಒಳಗಿನ ಕೋಣೆಯ ಬಾಗಿಲು ತೆರೆದೇ ಇತ್ತು. ಅಕ್ಕ ಗೋಡೆಗೆ ಒರಗಿ ಕೂತು, ತನ್ನ ಅಪ್ಪನ ಒಂದೊಂದು ಮಾತನ್ನೂ ಕೇಳುತ್ತಿದ್ದಳು.