ನೌಫಲ್ ಹೇಳಿದ ಹದಿನೆಂಟು

ನೌಫಲ್ ಸುಳ್ಳು ಹೇಳುವವನಲ್ಲ. ಬೆಳ್ತಂಗಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಎಕ್ಸ್‌ರೇ ತೆಗೆಯುವ ಕೆಲಸ ಅವನದು. ತೆಂಗಿನ ಮರದಿಂದ ಬಿದ್ದವರು, ಬೈಕಿನಿಂದ ಬಿದ್ದವರು, ಬಚ್ಚಲಲ್ಲಿ ಜಾರಿದವರು, ಎಲ್ಲರ ಒಳಗನ್ನೂ ಕಂಡವನು. ಅಂಥವನಿಗೆ ಸಿಹಿ ಮಾತು ಎಲ್ಲಿಂದ ಬರಬೇಕು?

ಆದಿತ್ಯವಾರ ಮಧ್ಯಾಹ್ನ ಬಿ.ಸಿ.ರೋಡಿನ ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನು ಆಟ ನಡೆಸುತ್ತಿದ್ದ. ಕಥೆಯ ಆಟ. ಅವನು ಕಥೆ ಹೇಳುವುದು, ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳುವುದು. ಮಾಡಿದ್ದು ಫಲಿಸಿತೋ ಇಲ್ಲವೋ ಎಂದು ತೀರ್ಮಾನಿಸಲು ಇಪ್ಪತ್ತು ಮುಖದ ಒಂದು ದಾಳ. ಹತ್ತು ದಾಟಿದರೆ ಬಚಾವು. ಬೇರೆ ಕಡೆ ಕಥೆ ನಡೆಸುವವರು ರಟ್ಟಿನ ಮರೆಯಲ್ಲಿ ದಾಳ ಉರುಳಿಸಿ, ಕೆಟ್ಟದ್ದು ಬಿದ್ದರೂ ಒಳ್ಳೆಯದನ್ನೇ ಹೇಳಿ ನಾಯಕನನ್ನು ಉಳಿಸಿಕೊಳ್ಳುವುದುಂಟು. ನೌಫಲ್ ಆ ರಟ್ಟನ್ನೇ ಇಟ್ಟವನಲ್ಲ. ಎಲ್ಲರ ಕಣ್ಣೆದುರು ಸ್ಟೀಲ್ ತಟ್ಟೆಗೆ ದಾಳ ಹಾಕುತ್ತಿದ್ದ. ಎಷ್ಟು ಎತ್ತರದಿಂದ ಬಿದ್ದರೆ ಯಾವ ಎಲುಬು ಹೋಗುತ್ತದೆ ಎಂಬ ಪಟ್ಟಿಯನ್ನೂ ತಾನೇ ಬರೆದಿಟ್ಟುಕೊಂಡಿದ್ದ.

ಈ ಪಟ್ಟಿಯನ್ನು ಕಂಡರೆ ಜಿತೇಶನಿಗೆ ಮೈಯೆಲ್ಲಾ ಉರಿ. ಮುಂಡಾಜೆಯ ಜಿತೇಶ್ ಖಾಸಗಿ ಬಸ್ಸಿನ ಕಂಡಕ್ಟರ್. ಆಟದಲ್ಲಿ ಅವನ ಪಾತ್ರ ದೂಮಣ್ಣ ಎಂಬ ಬಂಟ, ಕೋಟೆಯಿಂದ ಕೋಟೆಗೆ ಹಾರುವವನು.

“ಸಿನಿಮಾದಲ್ಲಿ ಹೀರೋ ಬಿದ್ರೆ ಎದ್ದು ಅಂಗಿ ಕೊಡವಿಕೊಳ್ತಾನೆ ಮಾರಾಯ. ನಿನ್ನ ಕಥೆಯಲ್ಲಿ ಪ್ಲಾಸ್ಟರ್ ಹಾಕಿಸಿಕೊಳ್ಬೇಕು!” ಎಂದು ರೇಗುತ್ತಿದ್ದ.

“ನನ್ನ ಎಕ್ಸ್‌ರೇ ರೂಮಿಗೆ ಬಾ, ಹೀರೋಗಳ ಎಲುಬು ತೋರಿಸ್ತೇನೆ,” ಎನ್ನುತ್ತಿದ್ದ ನೌಫಲ್.

ಜಿತೇಶನ ತಂಗಿ ಅಕ್ಷಿತಾ ಇಬ್ಬರ ನಡುವೆ ಕೂತು ಕಡಲೆ ತಿನ್ನುತ್ತಾ ನಗುತ್ತಿದ್ದಳು.

ಜಿತೇಶ್ ಆ ರೂಮಿಗೆ ಬಂದೇ ಬಂದ. ಓಡುವ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಹೊರಗಿನಿಂದಲೇ ಜೋತು ಹೋಗುವುದು ಅವನ ನಿತ್ಯದ ಶೋಕಿ. ಅಂದು ತಿರುವಿನಲ್ಲಿ ಕೈ ಜಾರಿತು. ಚಿತ್ರ ಪರದೆಯಲ್ಲಿ ಮೂಡಿದಾಗ ನೌಫಲನಿಗೆ ಡಾಕ್ಟರು ಬೇಕಾಗಲಿಲ್ಲ. ಬೆನ್ನುಮೂಳೆ ಕೆಳಗೆ ಮುರಿದು ಪಕ್ಕಕ್ಕೆ ಸರಿದಿತ್ತು.

ಮೇಜಿನ ಮೇಲೆ ಮಲಗಿದ್ದ ಜಿತೇಶ್ ಒಣಗಿದ ತುಟಿಯಲ್ಲೇ ನಗಲು ನೋಡಿದ. “ಎಷ್ಟು ಬಿತ್ತು ಮಾರಾಯ?”

ನೌಫಲ್ ಸುಮ್ಮನಿರಬಹುದಿತ್ತು, ವರದಿ ಹೇಳುವುದು ಅವನ ಕೆಲಸವೂ ಅಲ್ಲ. ಆದರೆ ಕರುಳು ಕೇಳಲಿಲ್ಲ. “ಹದಿನೆಂಟು,” ಎಂದುಬಿಟ್ಟ.

ಬೇರೆ ಯಾರು ಹೇಳಿದ್ದರೂ ಜಿತೇಶ್ ಅದನ್ನು ಸಮಾಧಾನದ ಮಾತೆಂದು ತಳ್ಳಿಹಾಕುತ್ತಿದ್ದ. ಹೇಳಿದವನು ನೌಫಲ್; ದಾಳದ ವಿಷಯದಲ್ಲಿ ಒಂದು ದಿನವೂ ಅಳುಕದವನು. ಜಿತೇಶ್ ಆ ಹದಿನೆಂಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಮಂಗಳೂರಿನಲ್ಲಿ ಆಪರೇಷನ್ ಆಯಿತು; ಅಲ್ಲಿನ ಡಾಕ್ಟರು ಕಾದು ನೋಡುವ ಎಂದಷ್ಟೇ ಹೇಳಿದರು. ಗಾಲಿಕುರ್ಚಿ ತಂದರೆ “ಎದ್ದು ನಡೆಯುವವನಿಗೆ ಅದೆಂತಕ್ಕೆ?” ಎಂದು ವಾಪಸು ಕಳಿಸಿದ. ಕೈಗೆ ಬಲ ಬರುವ ವ್ಯಾಯಾಮ ಹೇಳಿಕೊಟ್ಟರೆ ಮಾಡಲಿಲ್ಲ. ಮಗ್ಗುಲು ಬದಲಿಸದೆ ಬೆನ್ನಿಗೆ ಹುಣ್ಣಾಯಿತು. ನೌಫಲ್ ವಾರವಾರ ಮುಂಡಾಜೆಯ ಮನೆಗೆ ಹೋಗಿ ನೋಡುತ್ತಿದ್ದ, ನಿಜ ಹೇಳಬೇಕೆಂದು ಬಾಗಿಲವರೆಗೆ ತಯಾರಾಗುತ್ತಿದ್ದ, ಒಳಗೆ ಹೋಗಿ ಚಾ ಕುಡಿದು ಬರುತ್ತಿದ್ದ. ಹೇಡಿತನಕ್ಕೆ ಬೇರೆ ಹೆಸರು ಕೊಡುವುದು ಬೇಡ.

ಮೂರನೇ ತಿಂಗಳು ಹುಣ್ಣು ನೋಡಲು ಬಂದ ಹೊಸ ಡಾಕ್ಟರು ಹಳೆಯ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ಇದು ಮೊದಲ ದಿನವೇ ಗೊತ್ತಾಗುವಂಥದ್ದು, ಇನ್ನು ನಡೆಯುವ ಮಾತಿಲ್ಲ ಎಂದು ನೇರವಾಗಿ ಹೇಳಿದರು. ಆ ಆದಿತ್ಯವಾರ ಜಿತೇಶನೇ ಹೇಳಿಕಳಿಸಿದ: ತಟ್ಟೆ, ದಾಳ ತೆಗೆದುಕೊಂಡು ಬಾ, ಆಡುವ.

ನೌಫಲ್ ಓಡಿದ. ಕ್ಷಮಿಸಿರಬೇಕು ಎಂಬ ಆಸೆ. ಮಂಚದ ಪಕ್ಕದ ಸ್ಟೂಲಿನ ಮೇಲೆ ತಟ್ಟೆ ಇಟ್ಟ. ಚಪ್ಪಟೆ ಮಲಗಿದ್ದ ಜಿತೇಶನಿಗೆ ತಟ್ಟೆಯ ಅಂಚು ಮಾತ್ರ ಕಾಣುತ್ತಿತ್ತು.

“ದೂಮಣ್ಣ ಕೋಟೆಯಿಂದ ಹಾರ್ತಾನೆ,” ಎಂದ ಜಿತೇಶ್. “ಹಾಕು.”

ದಾಳ ಟಣಟಣ ಉರುಳಿ ನಿಂತಿತು. ನೌಫಲ್ ಬಗ್ಗಿ ಓದಿದ, ಮತ್ತೊಮ್ಮೆ ಓದಿದ.

“ಎಷ್ಟು?”

“ಹದಿನೆಂಟು.”

ಜಿತೇಶ್ ಕಣ್ಣು ಮುಚ್ಚಿಕೊಂಡ. “ನಿನ್ನ ಹದಿನೆಂಟು ನನಗೆ ಗೊತ್ತುಂಟು.”

“ಅಣ್ಣ, ನಿಜವಾಗಿ ಹದಿನೆಂಟೇ! ನಾನೇ ನೋಡ್ತಾ ಇದ್ದೇನೆ,” ಎಂದಳು ಅಕ್ಷಿತಾ.

“ನಿನಗೂ ಕಲಿಸಿದ್ನಾ?”

ನೌಫಲ್ ಗಡಬಡಿಸಿ ತಟ್ಟೆಯನ್ನೇ ಎತ್ತಿ ಅವನ ಮುಖದ ಬಳಿ ಹಿಡಿದ. ತಟ್ಟೆ ವಾಲಿತು. ದಾಳ ಜಾರಿ, ಮಗುಚಿ, ಅಂಚಿಗೆ ತಾಗಿ ನಿಂತಿತು.

“ನಾಲ್ಕು,” ಎಂದು ಜಿತೇಶ್ ಓದಿದ. “ಈಗ ಸರಿ ಉಂಟು. ಬರಿ.”

ನೌಫಲ್ ಅಕ್ಷಿತಾಳ ಮುಖ ನೋಡಿದ. ಅವಳು ನೆಲ ನೋಡುತ್ತಿದ್ದಳು. ಅವನು ಪೆನ್ನು ತೆಗೆದು ನಾಲ್ಕು ಎಂದು ಬರೆದ.

“ಪಟ್ಟಿ ನೋಡಿ ಹೇಳು. ದೂಮಣ್ಣನಿಗೆ ಎಂತ ಆಯ್ತು?”

“ಬೆನ್ನುಮೂಳೆ ಮುರೀತು,” ಎಂದ ನೌಫಲ್. “ಇನ್ನು ನಡೆಯಲಿಕ್ಕಾಗುವುದಿಲ್ಲ.”

ಮೂರು ತಿಂಗಳಿಂದ ಬಾಗಿಲಲ್ಲೇ ಬಿಟ್ಟು ಬರುತ್ತಿದ್ದ ಮಾತು ಅದು.