ಟೈಲರ್ ಕಾಕನ ಲೈನಿಂಗ್ ಬಟ್ಟೆ

ಮೊನ್ನೆ ಬೀರುವಿನ ಕೆಳಗಿನ ಅರೆಯಲ್ಲಿ ಏನನ್ನೋ ಹುಡುಕುತ್ತಿದ್ದಾಗ ಹಸಿರು ರವಿಕೆಯೊಂದು ಕೈಗೆ ಬಂತು. ಒಂದು ಸಲವೂ ತೊಟ್ಟದ್ದಲ್ಲ. ಹುಕ್ಕು ಐದೇ ಇದ್ದವು. ಆರನೆಯದರ ಜಾಗದಲ್ಲಿ ಗುಂಡುಪಿನ್ನೊಂದು ತುಕ್ಕು ಹಿಡಿದು ಬಟ್ಟೆಗೆ ಕಚ್ಚಿಕೊಂಡಿತ್ತು. ಮೂಗಿನ ಹತ್ತಿರ ಹಿಡಿದೆ. ಹೊಗೆಯ ವಾಸನೆ! ಇಷ್ಟು ವರ್ಷ ಉಳಿದಿರಲಿಕ್ಕಿಲ್ಲ, ಕಿಟಕಿಯಿಂದ ಬರುತ್ತಿದ್ದ ಯಾರದೋ ಅಡಿಕೆ ಸಿಪ್ಪೆಯ ಹೊಗೆಯೇ ಇರಬೇಕು... ಆದರೂ ಇನ್ನೊಮ್ಮೆ ಮೂಸಿದೆ.

ಅದನ್ನು ಹೊಲಿದವರು ನಮ್ಮ ಟೈಲರ್ ಕಾಕ. ಜಯಪುರದಲ್ಲಿ ನಮ್ಮ ಅಡಿಕೆ ಸುಲಿಯುವ ಶೆಡ್ಡು ಇದೆಯಲ್ಲ, ಅದರ ಹಿಂದಿನ ಅಂಗಳಕ್ಕೆ ಅವರ ಅಂಗಡಿಯ ಕಿಟಕಿ ತೆರೆದುಕೊಳ್ಳುತ್ತಿತ್ತು. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ಇತಿಹಾಸವೇ ಅವರಿಗಿರಲಿಲ್ಲ. "ನಾಳೆ ಕೊಡ್ತೇನಮ್ಮಾ" ಎನ್ನುವುದನ್ನು ಎಷ್ಟು ಚೆಂದವಾಗಿ ಹೇಳುತ್ತಿದ್ದರೆಂದರೆ, ಜಗಳಕ್ಕೆ ಹೋದವರು ಇನ್ನೊಂದು ಬಟ್ಟೆಯ ಅಳತೆ ಕೊಟ್ಟು ಬರುತ್ತಿದ್ದರು. ನನಗೊಬ್ಬಳಿಗೆ ಮಾತ್ರ ಸ್ವಲ್ಪ ಹೆದರುತ್ತಿದ್ದರು. ನನ್ನ ಬಾಯಿ ಅಷ್ಟು ಜೋರು.

ಅವರಿಗೆ ಉಬ್ಬಸ. ಮಳೆಗಾಲವನ್ನು ಹೇಗೋ ಕಳೆಯುತ್ತಿದ್ದರು, ದೀಪಾವಳಿ ದಾಟಿದ ಮೇಲೆ ಕಷ್ಟ. ಆಗಲೇ ನಮ್ಮ ಸುಗ್ಗಿ. ಊರಿನ ಮಿಷನ್‌ಗಳೆಲ್ಲ ಹಗಲಿಡೀ ಅಡಿಕೆ ಸುಲಿದು ಸಿಪ್ಪೆಯನ್ನು ಗುಡ್ಡೆ ಹಾಕುತ್ತವೆ. ತೋಟಕ್ಕೆ ಸಾಗಿಸಲು ಪುರುಸೊತ್ತಿಲ್ಲದವರು ರಸ್ತೆ ಬದಿಗೆ ಸುರಿದು ಕಡ್ಡಿ ಗೀರುತ್ತಾರೆ. ಬೆಳಗಿನ ಮಂಜು ಆ ಹೊಗೆಯನ್ನು ಮೇಲೇಳಲು ಬಿಡುವುದಿಲ್ಲ, ಒಂಬತ್ತು ಗಂಟೆಯವರೆಗೂ ನೆಲಕ್ಕೇ ಒತ್ತಿ ಹಿಡಿದಿರುತ್ತದೆ. ನಾವು ಕಣ್ಣೊರೆಸಿಕೊಳ್ಳುತ್ತಾ "ಈ ವರ್ಷ ಮಂಜು ಜಾಸ್ತಿ" ಎಂದು ಮಾತಾಡಿಕೊಳ್ಳುತ್ತಿದ್ದೆವು. ಎಲ್ಲರ ಮನೆಯಲ್ಲೂ ಅಡಿಕೆ ಇತ್ತು, ಹೊಗೆ ಎನ್ನಲು ಯಾರಿಗೂ ನಾಲಿಗೆ ಏಳುತ್ತಿರಲಿಲ್ಲ.

ಒಂದು ದಿನ ಕಾಕ ಶೆಡ್ಡಿಗೆ ಬಂದರು. ಕೈಯಲ್ಲಿ ರವಿಕೆಗೆ ಹಾಕುವ ಬಿಳಿ ಲೈನಿಂಗ್ ಬಟ್ಟೆಯ ಎರಡು ತುಂಡು. ಒಂದು ಹೊಸದು. ಇನ್ನೊಂದನ್ನು ಎಂಟು ದಿನ ಕಿಟಕಿಯ ಸರಳಿಗೆ ಕಟ್ಟಿದ್ದರಂತೆ, ಅದು ಹಳೆಯ ಚಹಾ ಸೋಸುವ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು.

"ನೋಡಿ ಅಮ್ಮಾ, ಮಂಜು ಬಟ್ಟೆಯನ್ನು ಒದ್ದೆ ಮಾಡ್ತದೆ. ಬಣ್ಣ ಬದಲು ಮಾಡ್ಲಿಕ್ಕಿಲ್ಲ."

"ಅದಕ್ಕೆ ನಾನೆಂತ ಮಾಡ್ಬೇಕು ಕಾಕ?"

"ನಿಮ್ಮ ಹಿಂದಿನ ಗುಡ್ಡೆಗೆ ಶಿವರಾತ್ರಿವರೆಗೆ ಬೆಂಕಿ ಕೊಡ್ಬೇಡಿ. ಆಮೇಲೆ ಗಾಳಿ ಏಳ್ತದೆ, ಹೊಗೆ ಹೋಗ್ತದೆ. ಅಷ್ಟು ಸಾಕು ನಂಗೆ."

ಆಯಿತು ಎಂದೆ. ಮನಸ್ಸಿನಿಂದಲೇ ಹೇಳಿದ್ದೆ, ಸುಳ್ಳಲ್ಲ. ಆದರೆ ಹದಿನೈದು ದಿನದಲ್ಲಿ ಗುಡ್ಡೆ ಶೆಡ್ಡಿನ ಬಾಗಿಲಿಗೇ ಬಂತು. ಮರುದಿನ ಬರುವ ಅಡಿಕೆ ಇಳಿಸಲು ಜಾಗವಿಲ್ಲ. ಟ್ರ್ಯಾಕ್ಟರ್ ತರಿಸಿ ತೋಟಕ್ಕೆ ಹಾಕಿಸೋಣ ಎಂದರು ನಮ್ಮ ಯಜಮಾನರು. ಅಷ್ಟೆಲ್ಲ ಕಾಯುವವರು ಯಾರು ಎಂದು ಸಿಟ್ಟಿನಲ್ಲಿ ನಾನೇ ಕಡ್ಡಿ ಗೀರಿದೆ. ಒಂದು ದಿನದ ಹೊಗೆ, ಏನಾಗುತ್ತದೆ ಎಂದುಕೊಂಡೆ.

ಅದೇ ಮಧ್ಯಾಹ್ನ ಕಾಕನ ಅಂಗಡಿಗೆ ಹೋಗಿ ಜೋರು ಮಾಡಿಯೂ ಬಂದೆ. ಬೇಗಾರು ಊರಿನಲ್ಲಿ ತಂಗಿ ಹೊಸ ಮನೆಗೆ ಒಕ್ಕಲು ಹೋಗುವುದು ನಾಡಿದ್ದು, ನನ್ನ ಹಸಿರು ರವಿಕೆ ಇನ್ನೂ ಕತ್ತರಿಯನ್ನೇ ಕಂಡಿರಲಿಲ್ಲ. "ಈ ಸಲ ನಾಳೆ ಅಂದ್ರೆ ನಾಳೆಯೇ, ಬೆಳಿಗ್ಗೆ ಬೇಕು" ಎಂದೆ. ಕಾಕ ತಲೆಯಾಡಿಸಿದರು. ಕಿಟಕಿಯಾಚೆ ಗುಡ್ಡೆಯಿಂದ ಹೊಗೆ ಏಳುತ್ತಿತ್ತು. ಅದನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಕಿಟಕಿ ಮುಚ್ಚಿದರು.

ನಾಚಿಕೆಯಾಯಿತು. ಸಂಜೆಗೆ ಎರಡು ಡ್ರಮ್ಮು ನೀರು ಹುಯ್ಯಿಸಿದೆ. ಸಿಪ್ಪೆಯ ಬೆಂಕಿ ಮೇಲಿನಿಂದ ನೀರು ಹುಯ್ದರೆ ಆರುವುದಿಲ್ಲ, ಒಳಗೊಳಗೇ ಕನಲುತ್ತದೆ, ಒದ್ದೆಯಾದಷ್ಟೂ ಹೊಗೆ ಹೆಚ್ಚು. ಗುಡ್ಡೆಯನ್ನು ಎಳೆದು ಹರಡಬೇಕು. ಇದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಆಳುಗಳು ಮನೆಗೆ ಹೊರಟಿದ್ದರು, ಅಷ್ಟೇ.

ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿನ ಶೆಡ್ಡು ಕಾಣಲಿಲ್ಲ. ಅಂಥ ಮಂಜು. ಅದರ ಅಡಿಯಲ್ಲಿ ಹೊಗೆ ನೆಲಕ್ಕಂಟಿಕೊಂಡು ಅಂಗಡಿಗಳ ಕಡೆ ಹರಿಯುತ್ತಿತ್ತು. ಅದರೊಳಗಿನಿಂದ ಹೊಲಿಗೆ ಮಿಷನ್ನಿನ ಸದ್ದು... ಎಂಟೂವರೆಗೆ ಮುಂಚೆ ಎಂದೂ ಅಂಗಡಿ ತೆಗೆಯದ ಕಾಕ ಆರು ಗಂಟೆಗೇ ಬಂದು ಕೂತಿದ್ದರು. ನನ್ನ ರವಿಕೆಗಾಗಿ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ನೂಲು ಬದಲಿಸುತ್ತಿರಬೇಕು ಎಂದು ಅಲ್ಲೇ ನಿಂತೆ. ಹುಕ್ಕು ಹಾಕುತ್ತಿರಬೇಕು ಎಂದುಕೊಂಡೆ. ಮತ್ತೆ ಸದ್ದು ಬರಲೇ ಇಲ್ಲ. ಓಡಿದೆ.

ಕಾಕ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿದ್ದರು. ಭುಜ ಏರುತ್ತಿತ್ತು, ಇಳಿಯುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ಬಾಯಿಗೆ ಹೊಡೆದುಕೊಳ್ಳುವ ಉಬ್ಬಸದ ಪಂಪು ನೆಲದಲ್ಲಿ ಬಿದ್ದಿತ್ತು. ತುಟಿ ನೀಲಿಗಟ್ಟಿತ್ತು. ನಾನು ಕಿರುಚಿದ್ದಕ್ಕೆ ಯಜಮಾನರು ಪಿಕಪ್ ತಂದರು, ಕಾಕನನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಕೊಪ್ಪದ ಆಸ್ಪತ್ರೆಗೆ ಹೊರಟೆವು.

ಆ ದಾರಿಯಲ್ಲಿ ನಾನು ಈಗಲೂ ಕನಸಿನಲ್ಲಿ ಹೋಗುತ್ತೇನೆ. ತಿರುವಿಗೊಂದರಂತೆ ಯಾರು ಯಾರದೋ ಸಿಪ್ಪೆಗುಡ್ಡೆ ಹೊಗೆಯಾಡುತ್ತಿತ್ತು. ಬಾನೆಟ್ಟಿನಾಚೆ ಏನೂ ಇಲ್ಲ. ನಾನು ಕಿಟಕಿಯಿಂದ ತಲೆ ಹೊರಹಾಕಿ ರಸ್ತೆಯ ಅಂಚು ನೋಡುತ್ತಾ "ಬಲಕ್ಕೆ, ಬಲಕ್ಕೆ" ಎಂದು ಕೂಗುತ್ತಿದ್ದೆ. ಇದ್ದಕ್ಕಿದ್ದಂತೆ ಬಸ್ಸಿನ ಎರಡು ದೀಪ ಮುಖದ ಮೇಲೇ ಬಂದವು. ಯಜಮಾನರು ಚರಂಡಿಯ ಕಡೆಗೆ ಎಳೆದರು, ಬಸ್ಸು ಉಜ್ಜಿಕೊಂಡಂತೆ ಹೋಯಿತು. ಕಾಕನ ಎದೆ ಸಿಳ್ಳೆ ಹಾಕುತ್ತಿತ್ತು. ಆ ಸಿಳ್ಳೆ ಸಣ್ಣದಾದಾಗಲೆಲ್ಲ ನಾನು ಅವರನ್ನು ಅಲುಗಾಡಿಸುತ್ತಿದ್ದೆ. "ಕಾಕಾ, ಉಸಿರು ತಗೊಳ್ಳಿ ಕಾಕಾ..."

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ತುಟಿಗೆ ಬಣ್ಣ ಬಂತು. ಡಾಕ್ಟರು ಬಂದು, "ಇಷ್ಟು ಜೋರಾಗೋಕೆ ಏನಾಯ್ತು ಮಾರಾಯ್ರೇ? ಎಲ್ಲಾದ್ರೂ ಹೊಗೆಯಲ್ಲಿ ಕೂತಿದ್ರಾ?" ಎಂದು ಕೇಳಿದರು.

ಕಾಕ ಮಾಸ್ಕನ್ನು ಸರಿಸಿದರು. ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ.

"ಇಲ್ಲ ಡಾಕ್ಟ್ರೇ... ಮಂಜು. ಈ ವರ್ಷ ಮಂಜು ಜಾಸ್ತಿ."

ಊರಿಗೇ ಕೇಳುವಂಥ ಬಾಯಿ ನನ್ನದು, ಅವತ್ತು ಒಂದು ಶಬ್ದ ಹೊರಡಲಿಲ್ಲ.

ಅಲ್ಲಿಂದಲೇ ಕಾಕನ ಮಗಳು ಅವರನ್ನು ಮಂಗಳೂರಿನ ತನ್ನ ಮನೆಗೆ ಕರೆದುಕೊಂಡು ಹೋದಳು. ಹುಟ್ಟಿದ ಊರಿನ ಗಾಳಿ ಆಗಿಬರುವುದಿಲ್ಲ ಎಂದರೆ ಮನುಷ್ಯ ಎಲ್ಲಿಗೆ ಹೋಗಬೇಕು? ಅಂಗಡಿ ಖಾಲಿ ಮಾಡಲು ಬಂದ ಮಗಳು ಪೇಪರಿನಲ್ಲಿ ಸುತ್ತಿದ ರವಿಕೆ ಕೊಟ್ಟಳು. ಒಂದು ಹುಕ್ಕು ಬಾಕಿಯಿದೆ, ಹೊಗೆ ವಾಸನೆ ಬರುತ್ತಿರಬಹುದು, ಒಗೆದು ಹಾಕಿಕೊಳ್ಳಲು ಹೇಳು ಎಂದಿದ್ದರಂತೆ ಅಪ್ಪ. ಎರಡು ಮಳೆಗಾಲ ಕಳೆದ ಮೇಲೆ ತೀರಿಕೊಂಡ ಸುದ್ದಿ ಬಂತು. ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಕೇಳಿದವರಿಗೆಲ್ಲ, "ಪಾಪ, ಈ ಮಂಜು ಅವರಿಗೆ ಆಗ್ತಿರ್ಲಿಲ್ಲ" ಎಂದೇ ಹೇಳಿದೆ. ಅವರು ಹೇಳಿದ ಸುಳ್ಳು ಅಷ್ಟು ಅನುಕೂಲವಾಗಿತ್ತು.

ಆಮೇಲಿಂದ ನಮ್ಮ ಸಿಪ್ಪೆ ತೋಟಕ್ಕೇ ಹೋಗುತ್ತದೆ. ಊರಿನದು ಊರಿನ ಹಾಗೇ ಇದೆ. ಕಾಕನ ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ. ನನ್ನ ಫೋನು ದಿನಾ ಬೆಳಿಗ್ಗೆ ಹಸಿರು ಬಣ್ಣದಲ್ಲಿ ಗಾಳಿ ಚೆನ್ನಾಗಿದೆ ಎಂದು ತೋರಿಸುತ್ತದೆ. ಅದಕ್ಕೇನು ಗೊತ್ತು, ಕಿಟಕಿಗೆ ಬಟ್ಟೆ ಕಟ್ಟಿ ನೋಡಿದೆಯೇ?

ಇವತ್ತು ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದ ಮನೆಯವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, "ಎಂತ ಮಂಜು ಮಾರಾಯ್ತಿ ಈ ವರ್ಷ!" ಎಂದಳು.

"ಮಂಜಲ್ಲ, ಹೊಗೆ" ಎಂದೆ. ಧ್ವನಿ ಜೋರಾಗಿಯೇ ಬಂತು, ಸುತ್ತ ನಿಂತವರು ತಿರುಗಿ ನೋಡಿದರು. "ಟೈಲರ್ ಕಾಕನಿಗೆ ಆಗಿದ್ದೂ ಹೊಗೆಯಿಂದಲೇ. ಬೆಂಕಿ ಹಾಕಿದ್ದು ನಾನು."

ಅವಳು ಕಣ್ಣಿನಿಂದ ಸೆರಗು ತೆಗೆದು ನನ್ನ ಮುಖ ನೋಡಿದಳು. ಆಸ್ಪತ್ರೆಯ ಆ ಮಂಚದ ಪಕ್ಕದಲ್ಲಿ ಇಷ್ಟೇ ಹೇಳಬೇಕಾಗಿತ್ತು.