ತಪ್ಪು ಒಪ್ಪಿಕೊಳ್ಳಲು ಹಟ ಹಿಡಿದ ಜಟಕಾ ಮಾದಯ್ಯ

೧೯೧೧ರ ಬೇಸಿಗೆ. ನಾನಾಗ ನಂಜನಗೂಡಿನಲ್ಲಿ ವಕೀಲ. ಕೇಸಿದ್ದಾಗ ತಿರುಮಕೂಡಲು ನರಸೀಪುರದ ಕಚೇರಿಗೂ ಹೋಗಿಬರುತ್ತಿದ್ದೆ. ಆದರೆ ಮನೆ, ಎಮ್ಮೆ, ನಮ್ಮಾಕೆಯ ತುಳಸಿಕಟ್ಟೆ ಎಲ್ಲ ಇದ್ದದ್ದು ನಂಜನಗೂಡಿನಲ್ಲೇ. ಗದ್ದೆಯ ಬದು, ಅಣ್ಣತಮ್ಮಂದಿರ ಪಾಲು, ಬಾವಿಯ ಹಕ್ಕು, ಇಂಥವೇ ನನ್ನ ಕೇಸುಗಳು. ಅತಿವೇಗದ ಕೇಸು ಹಿಡಿದುಕೊಂಡು ವಕೀಲರ ಮನೆಗೆ ಯಾರೂ ಬರುತ್ತಿರಲಿಲ್ಲ. ಕಚೇರಿಯ ಇಂಗ್ಲಿಷಿನಲ್ಲಿ ಅದಕ್ಕೆ ರ್ಯಾಷ್ ಡ್ರೈವಿಂಗ್ ಎಂದು ಹೆಸರು. ನಾಲ್ಕು ಜನ ಓಡಾಡುವ ರಸ್ತೆಯಲ್ಲಿ ಅವರ ಜೀವಕ್ಕೆ ಅಪಾಯವಾಗುವ ಹಾಗೆ ಗಾಡಿ ಹೊಡೆಯುವುದು. ಮೋಟಾರು ಕಂಡರೆ ಅಂಗಡಿಯವರು ಎದ್ದು ಬಂದು ನೋಡುತ್ತಿದ್ದ ಕಾಲ ಅದು, ಹಾಗಾಗಿ ಸಿಕ್ಕಿಬೀಳುತ್ತಿದ್ದವರು ಜಟಕಾದವರು. ಅಮಲ್ದಾರರೇ ಮ್ಯಾಜಿಸ್ಟ್ರೇಟರು. ಜಟಕಾದವನು ಕೈಮುಗಿದು ತಪ್ಪಾಯಿತು ಎನ್ನುತ್ತಿದ್ದ, ಅವರು ದಂಡ ಹಾಕುತ್ತಿದ್ದರು, ಅಲ್ಲಿಗೆ ಮುಗಿಯಿತು.

ಹೀಗಿರುವಾಗ ಒಂದು ಬೆಳಿಗ್ಗೆ, ನಾನಿನ್ನೂ ಹಲ್ಲುಜ್ಜುತ್ತಿದ್ದೆ, ಹೆಡತಲೆಯಿಂದ ನಿಂಗಮ್ಮ ಎನ್ನುವ ಹೆಂಗಸು ಬಂದು ಜಗುಲಿಯ ತುದಿಯಲ್ಲಿ ಕೂತಳು. ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಅವಳ ಗಂಡ ಮಾದಯ್ಯ ನಂಜನಗೂಡು ಸ್ಟೇಷನ್ನಿನಲ್ಲಿ ಜಟಕಾ ಹೊಡೆಯುತ್ತಿದ್ದ. ಅವಳು ಹಳ್ಳಿಯಲ್ಲಿ ಹೊಲ ನೋಡಿಕೊಳ್ಳುತ್ತಿದ್ದಳು. ಅವನು ಇಲ್ಲಿ ಛತ್ರದ ಹಿಂದಿನ ಬಯಲಿನಲ್ಲಿ ಕುದುರೆ ಕಟ್ಟಿಕೊಂಡು ಇರುತ್ತಿದ್ದ. ಹೋದ ವಾರ ಅವನ ಜಟಕಾ ಸ್ಟೇಷನ್ ರಸ್ತೆಯಲ್ಲಿ ಬಾಳೆಹಣ್ಣಿನ ಮಂಕರಿಗಳ ಮೇಲೆ ಹೋಗಿತ್ತು. ಹಣ್ಣು ಮಾರುವ ಮುದುಕಿಯ ಕಾಲು ತರಚಿತ್ತು. ಪೊಲೀಸು ದಫೇದಾರ್ ಬಂದು ಹಿಡಿದಿದ್ದ. ಹಿಂದೊಮ್ಮೆ ಸ್ಟೇಷನ್ ಬಾಗಿಲಿಗೆ ಅಡ್ಡ ಗಾಡಿ ನಿಲ್ಲಿಸಿದ್ದಕ್ಕೆ ಮಾದಯ್ಯನಿಗೆ ಶಿಕ್ಷೆಯಾಗಿತ್ತು. ಈ ಸಲವೂ ಆದರೆ ಪುರಸಭೆಯವರು ಅವನ ಬಿಲ್ಲೆ ಕಿತ್ತುಕೊಳ್ಳುವ ಹಾಗಿತ್ತು. ಬಿಲ್ಲೆಯೆಂದರೆ ತೋಳಿಗೆ ಕಟ್ಟುವ ಹಿತ್ತಾಳೆಯ ನಂಬರು. ಅದಿಲ್ಲದೆ ಬಾಡಿಗೆಗೆ ಗಾಡಿ ಹೂಡುವ ಹಾಗಿಲ್ಲ.

“ತೆಪ್ಪು ಒಪ್ಕೊತೀನಿ ಅಂತಾನೆ ಬುದ್ಧಿ,” ಅಂದಳು. “ಅವನು ಆ ಕುದ್ರೆಗೆ ಚಾಟಿ ಸೋಕ್ಸಿದ್ದ ನಾನು ಕಂಡಿಲ್ಲ. ಅದು ಓಡ್ತಂತೆ, ಇವನು ಓಡ್ಸಿದ್ನಂತೆ. ನನ್ ಮುಂದೆ ಏಳ್ಲಿ ನೋಡುವಾ.”

ಮಾತು ಮುಗಿಸುವ ಮೊದಲು, ದಫೇದಾರ್ ನನಗೇನಾದರೂ ಬೇಕಾದವನೇ ಎಂದು ಸುತ್ತುಬಳಸಿ ಕೇಳಿದಳು. ಅಲ್ಲ ಎಂದೆ. ನಂಬಿದಂತೆ ಕಾಣಲಿಲ್ಲ. ನಮ್ಮಾಕೆ ಮಜ್ಜಿಗೆ ತಂದುಕೊಟ್ಟರೆ ಅದನ್ನೂ ಎರಡು ಸಲ ನೋಡಿ ಕುಡಿದಳು.

ಅದೇ ದಿನ ಮಾದಯ್ಯನನ್ನು ಕರೆಸಿದೆ. ಒಣಕಲು ಆಳು, ಗಂಟಲು ಮಾತ್ರ ದೊಡ್ಡದು. ದಾರಿಯುದ್ದಕ್ಕೂ ಕುದುರೆಯ ಜೊತೆ ಮಾತಾಡಿಕೊಂಡೇ ಗಾಡಿ ಹೊಡೆಯುವವನೆಂದು ಊರಿಗೆಲ್ಲ ಗೊತ್ತಿತ್ತು. ನನ್ನೆದುರು ಮಾತ್ರ ಅವನಿಗೆ ಮಾತೇ ಇಲ್ಲ. ಎಷ್ಟು ಜೋರಾಗಿ ಹೋಗುತ್ತಿದ್ದೆ ಎಂದರೆ, ಜೋರಾಗೇ ಬುದ್ಧಿ. ಯಾಕೆ ಎಂದರೆ, ಸುಮ್ನೆ ಬುದ್ಧಿ. ಬಿಲ್ಲೆ ಹೋಗುತ್ತದೆ ಎಂದು ಬಿಡಿಸಿ ಹೇಳಿದೆ. ಅವನ ಮುಖ ಕಪ್ಪಿಟ್ಟಿತು, ಕೈ ತಾನಾಗಿ ತೋಳಿನ ಹಿತ್ತಾಳೆಯ ಮೇಲೆ ಹೋಯಿತು. ಆಮೇಲೆ ಹೇಳಿದ: “ಓಗ್ಲಿ ಬುಡಿ.”

ಆ ಮಾತಿಗೆ ನಾನು ಎಚ್ಚರವಾದೆ. ಮಾಡಿ ಮಾಡಿಲ್ಲ ಎನ್ನುವವರನ್ನು ಕಂಡು ಕಂಡು ಸಾಕಾಗಿತ್ತು. ನಿಧಾನವಾಗಿ ಹೋಗುತ್ತಿದ್ದೆ ಎಂದು ಒಂದು ಮಾತು ಹೇಳಲಾರದೆ ಅನ್ನವನ್ನೇ ಬಿಟ್ಟುಕೊಡುವವನನ್ನು ಕಂಡಿರಲಿಲ್ಲ. ಇದರಲ್ಲಿ ಏನೋ ಇದೆ ಅನಿಸಿತು. ಬೇರೊಬ್ಬ ಜಟಕಾದವನ ತಪ್ಪನ್ನು ಹೊತ್ತುಕೊಂಡಿದ್ದಾನೆಯೇ? ಗಾಡಿಯಲ್ಲಿ ಕೂತಿದ್ದವರ ಹೆಸರು ಮುಚ್ಚುತ್ತಿದ್ದಾನೆಯೇ? ಹಿಂದೆ ಕೂತಿದ್ದವನು ಯಾರೋ ಯಾತ್ರಿಕನಂತೆ, ಅವನು ಆವತ್ತೇ ಊರು ಬಿಟ್ಟಿದ್ದ. ನಿಂಗಮ್ಮನ ಮೇಲೂ ನನ್ನ ಅನುಮಾನ ತಿರುಗಿತು. ಅವಳ ತಮ್ಮ ನರಸೀಪುರದಲ್ಲಿ ಜಟಕಾ ಇಟ್ಟಿದ್ದ. ಮಾದಯ್ಯನ ಕುದುರೆಗೆ ವಯಸ್ಸಾಯಿತು, ಅದನ್ನು ಕೊಟ್ಟುಬಿಡಲಿ, ನನ್ನ ತಟ್ಟುಕುದುರೆ ಒಂದನ್ನು ಒಯ್ಯಲಿ ಎಂದು ಹಿಂದಿನ ವರ್ಷವೇ ಹೇಳಿದ್ದನಂತೆ. ಆವತ್ತಿನಿಂದ ಭಾವಮೈದುನನ ಹೆಸರೆತ್ತಿದರೆ ಮಾದಯ್ಯನಿಗೆ ಆಗುತ್ತಿರಲಿಲ್ಲ. “ನನ್ ಚಂದ್ರಿ ಮ್ಯಾಲೆ ಅಕ್ಕತಮ್ಮ ಇಬ್ರದ್ದೂ ಕಣ್ಣು,” ಎಂದ. ಚಂದ್ರಿ ಅವನ ಹೆಣ್ಣುಕುದುರೆ.

ದಫೇದಾರನ ಮೇಲೆ ಸಂಶಯಪಡುವುದಂತೂ ನನ್ನ ಕಸುಬಿನ ಮಾಮೂಲು. ಪುಕ್ಕಟೆ ಸವಾರಿ ಕೇಳಿ ಇವನು ಇಲ್ಲವೆಂದಿರಬಹುದೇ ಎಂದು ಸ್ಟೇಷನ್ ಬಳಿ ವಿಚಾರಿಸಿದೆ. ಹಾಗೇನೂ ಇರಲಿಲ್ಲ. ಉಳಿದ ಜಟಕಾದವರು ಬೀಡಿ ಸೇದುತ್ತ ನಗುತ್ತಿದ್ದರು. ಮಾದಯ್ಯನಿಗೆ ಈಚೆಗೆ ಶೋಕಿ ಜಾಸ್ತಿಯಾಗಿದೆ ಸಾ, ಎಂದ ಒಬ್ಬ. ದೀಪಾವಳಿಗೆ ಕುದುರೆಯ ಹಣೆಗೆ ಮಣಿಕುಚ್ಚು ಕಟ್ಟಿದವನು ಇನ್ನೂ ಬಿಚ್ಚಿಲ್ಲ. ಮದುವೆ ಹೆಣ್ಣಿನ ಹಾಗೆ ಮುಖ ಮುಚ್ಚಿಕೊಂಡೇ ಓಡಾಡುತ್ತದೆ, ಗಂಡು ಯಾರೋ ಗೊತ್ತಿಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕು ಬಂದೆ.

ಎರಡು ದಿನ ಬಿಟ್ಟು, ಗಾಡಿಯಲ್ಲಿ ಕೂತೇ ನೋಡೋಣವೆಂದು ಸ್ಟೇಷನ್ನಿಗೆ ಹೋದೆ. ಉರಿಬಿಸಿಲು. ನನ್ನ ದೊಡ್ಡ ಕರೀ ಕೊಡೆ ಬಿಚ್ಚಿಕೊಂಡಿದ್ದೆ. ಆ ಕೊಡೆಗೆ ಜಟಕಾದವರಲ್ಲಿ ಕೆಟ್ಟ ಹೆಸರಿತ್ತು. ಅದನ್ನು ಕಂಡು ಬೆದರಿದ ಕುದುರೆಯೊಂದು ಹಿಂದಿನ ವರ್ಷ ಗಾಡಿಯನ್ನು ಚರಂಡಿಗೆ ಇಳಿಸಿತ್ತು. ಅಂದಿನಿಂದ ನನ್ನನ್ನು ಕಂಡರೆ “ಸಾ, ಕೊಡೆ” ಎಂದು ದೂರದಿಂದಲೇ ಕೂಗುತ್ತಿದ್ದರು. ಆ ಹೊತ್ತು ಮಾದಯ್ಯ ನೀರು ತರಲು ಹೋಗಿದ್ದ. ಸಾಲಿನಲ್ಲಿದ್ದ ಕುದುರೆಗಳೆಲ್ಲ ಕೊಡೆ ಕಂಡು ಕತ್ತು ತಿರುಗಿಸಿದವು, ಕಾಲು ಕುಟ್ಟಿದವು. ಚಂದ್ರಿ ಮಾತ್ರ ಕಿವಿಯನ್ನು ನನ್ನ ಹೆಜ್ಜೆಯ ಕಡೆಗೆ ತಿರುಗಿಸಿ ಸುಮ್ಮನೆ ನಿಂತಿತ್ತು. ನಾನು ಮುಂದೆ ಹೋದೆ. ಇನ್ನೂ ಹೋದೆ. ಕೊಡೆಯ ಅಂಚು ಅದರ ಮೂತಿಯ ಕೂದಲಿಗೆ ತಾಗಿದ ಮೇಲೆ ಬೆಚ್ಚಿತು.

ಮಣಿಕುಚ್ಚು ಎತ್ತಿ ನೋಡಿದೆ. ಜಟಕಾ ಕುದುರೆ ಅಕ್ಕಪಕ್ಕ ನೋಡದಿರಲಿ ಎಂದು ಕಣ್ಣಿನ ಎರಡೂ ಬದಿಗೆ ಚರ್ಮದ ಪಟ್ಟಿ ಕಟ್ಟುವುದುಂಟಲ್ಲ, ಅದರ ಸಂದಿಯಲ್ಲಿ ಎರಡೂ ಕಣ್ಣುಗಳು ಸುಣ್ಣದ ನೀರಿನ ಹಾಗೆ ಬೆಳ್ಳಗಿದ್ದವು.

ಹಿಂದೆ ಕೊಡದ ಸದ್ದಾಯಿತು. ಮಾದಯ್ಯ ನಿಂತಿದ್ದ. ನಾನು ಕುಚ್ಚು ಇಳಿಬಿಟ್ಟು ಗಾಡಿ ಹತ್ತಿದೆ. ಅವನು ಕೊಡ ಕೆಳಗಿಟ್ಟು ಗಾಡಿ ಹೊರಡಿಸಿದ. ಆಗ ಅವನ ಮಾತುಗಳನ್ನು ಮೊದಲ ಸಲ ಕೇಳಿಸಿಕೊಂಡೆ. “ಎಡಕ್ಕೆ ಬಾರವ್ವ. ಕಲ್ಲದೆ, ಮೆತ್ಗೆ. ಎತ್ತಿನ್ ಗಾಡಿ ಬತ್ತಾದೆ, ನಿಂತ್ಕೊ.” ಊರವರು ಹರಟೆ ಎಂದುಕೊಂಡಿದ್ದುದು ಅದು.

ಹೊಳೆಯ ಹತ್ತಿರ ಗಾಡಿ ನಿಲ್ಲಿಸಿ ಎಲ್ಲ ಹೇಳಿದ. ಕಣ್ಣು ಮಂಜಾಗಿ ಒಂದು ವರ್ಷವಾಗಿತ್ತು; ದೀಪಾವಳಿಯ ಹೊತ್ತಿಗೆ ಪೂರ್ತಿ ಹೋಯಿತು. ಸ್ಟೇಷನ್ನಿನಿಂದ ದೇವಸ್ಥಾನದ ತನಕ ದಾರಿ ಅದಕ್ಕೆ ಬಾಯಿಪಾಠ. ಆವತ್ತು ಅವನು ಹಿಂದೆ ತಿರುಗಿ ಯಾತ್ರಿಕನ ಜೊತೆ ಮಾತಿಗೆ ಬಿದ್ದಿದ್ದ. ಅಷ್ಟರಲ್ಲಿ ಚಂದ್ರಿ ಬಲಕ್ಕೆ ಹೊರಳಿ ಮಂಕರಿಯ ಮೇಲೆ ನಡೆದುಹೋಯಿತು. ನಡೆದು ಹೋಯಿತು, ಓಡಿ ಅಲ್ಲ. ನಿಧಾನವಾಗಿತ್ತು ಎಂದರೆ, ಹಾಗಾದರೆ ಮಂಕರಿ ಕುದುರೆಗೆ ಕಾಣಲಿಲ್ಲವೇ ಎಂದು ಕೇಳುತ್ತಾರೆ. ಕೇಳಿದರೆ ಕಣ್ಣು ನೋಡುತ್ತಾರೆ. ನೋಡಿದರೆ ಗುಂಡು ಹಾಕಿಸುತ್ತಾರೆ. ಮೈಸೂರಿನಲ್ಲಿ ಕಾಲು ಮುರಿದ ಕುದುರೆಗೆ ಹಾಗೆ ಮಾಡಿದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಜಟಕಾ ನಿಯಮಗಳನ್ನು ನಾನು ಹುಡುಕಿ ಓದಿ ಹೇಳಿದೆ. ಕೆಲಸಕ್ಕೆ ಬಾರದ ಪ್ರಾಣಿಯನ್ನು ಗಾಡಿಗೆ ಕಟ್ಟಕೂಡದು ಎಂದಿತ್ತೇ ಹೊರತು ಗುಂಡಿನ ಮಾತೇ ಇರಲಿಲ್ಲ. ಅವನು ನಂಬಲಿಲ್ಲ. “ಬರ್ದಿರೋದೆಲ್ಲಾ ಮಾಡ್ತಾರಾ ಬುದ್ಧಿ, ಮಾಡೋದೆಲ್ಲಾ ಬರೀತಾರಾ,” ಎಂದ.

ನಾನು ಒಂದೇ ಮಾತು ಹೇಳಿದೆ. ಮಂಕರಿಯಿದ್ದ ಜಾಗದಲ್ಲಿ ನಾಳೆ ಕೂಸೊಂದು ಕೂತಿರಬಹುದು. ನಿನ್ನ ಬಿಲ್ಲೆಗಾಗಿ ನಿಲ್ಲುತ್ತೇನೆ, ನಿನ್ನ ಕುದುರೆಯ ಸುದ್ದಿ ನಾನಾಗಿ ಎತ್ತುವುದಿಲ್ಲ, ಆದರೆ ಕೇಸು ಮುಗಿದ ಮೇಲೆ ಚಂದ್ರಿಯನ್ನು ಗಾಡಿಗೆ ಕಟ್ಟಬಾರದು. ನಾನು ಭಾವಮೈದುನನ ಕಡೆಯವನಿರಬಹುದು ಎನ್ನುವ ಹಾಗೆ ಅವನು ನನ್ನನ್ನು ನೋಡಿದ.

ವಿಚಾರಣೆಯ ದಿನ ಕಚೇರಿಯ ಮುಂದಿನ ಹುಣಸೆಮರಕ್ಕೆ ಚಂದ್ರಿಯನ್ನು ಕಟ್ಟಿದ್ದ. ಕುದುರೆಯನ್ನು ಇಲ್ಲಿಗೆ ತರಬೇಡ ಎಂದಿದ್ದೆ. ತರದಿದ್ದರೆ ಅನುಮಾನ ಬರುತ್ತದೆ ಎಂದು ಅವನ ಲೆಕ್ಕ. ನಿಂಗಮ್ಮ ಮೆಟ್ಟಿಲ ಬಳಿ ಕೂತು ದಫೇದಾರನನ್ನೂ ನನ್ನನ್ನೂ ಸರದಿಯಂತೆ ನೋಡುತ್ತಿದ್ದಳು.

ತಪ್ಪು ಒಪ್ಪುವುದಿಲ್ಲ ಎಂದು ಮಾದಯ್ಯನ ಪರವಾಗಿ ನಾನೇ ಹೇಳಿದೆ. ದಫೇದಾರ್ ಪ್ರಮಾಣ ಮಾಡಿ, ಜಟಕಾ ನಾಗಾಲೋಟದಲ್ಲಿ ಬಂದು ಮಂಕರಿ ಉರುಳಿಸಿತು ಎಂದ. ಪಾಟೀಸವಾಲು, ಅಂದರೆ ಎದುರು ಪಕ್ಷದ ವಕೀಲ ಕೇಳುವ ಪ್ರಶ್ನೆ, ನನ್ನದಾಯಿತು. ಉರುಳಿದ ಸದ್ದು ಕೇಳುವ ಮೊದಲು ಜಟಕಾ ನೋಡಿದಿರಾ ಎಂದೆ. ಅವನು ಯೋಚಿಸಿದ. ಸದ್ದು ಕೇಳಿಯೇ ಮೂಲೆ ತಿರುಗಿ ಬಂದೆ ಎಂದು ಒಪ್ಪಿಕೊಂಡ. ಪಾಪ, ಸುಳ್ಳು ಹೇಳುವ ಮನುಷ್ಯನಲ್ಲ. ಚೆಲ್ಲಾಡಿದ ಹಣ್ಣು, ಕೂಗುವ ಮುದುಕಿ, ಇವನ್ನು ಕಂಡು ಓಟವನ್ನೂ ಕಂಡೆನೆಂದು ನಂಬಿಬಿಟ್ಟಿದ್ದ.

ಆಮೇಲೆ ಹಣ್ಣಿನ ದೇವೀರಮ್ಮ ಬಂದಳು. ಅವಳ ಬಗ್ಗೆ ನನಗೆ ಭಯವಿತ್ತು. ಹಣ್ಣು ಹೋಗಿತ್ತು, ಕಾಲು ನೊಂದಿತ್ತು. ಮಂಕರಿಗೆ ತಗುಲಿದ ಮೇಲೆ ಗಾಡಿ ಎಷ್ಟು ದೂರ ಹೋಯಿತು ಎಂದು ಕೇಳಿದೆ.

“ಎಲ್ಲಿಗೋದದು ಸಾಮಿ. ಅಲ್ಲೇ ನಿಂತ್ಕಂಡು ಹಣ್ಣು ತಿಂತಿತ್ತು.”

ಕಚೇರಿಯಲ್ಲಿ ನಗು ಎದ್ದಿತು. ಅಮಲ್ದಾರರು ನಗಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿ, ನಾನು ಹೆದರುತ್ತಿದ್ದ ಪ್ರಶ್ನೆಯನ್ನೇ ಕೇಳಿದರು. ನಾಗಾಲೋಟದಲ್ಲಿ ಬಂದ ಕುದುರೆ ಅಲ್ಲೇ ನಿಂತು ಹಣ್ಣು ತಿನ್ನುವುದಿಲ್ಲ, ಅದು ಸರಿ. ಮೆಲ್ಲಗೇ ಬರುತ್ತಿತ್ತು ಎಂದಾದರೆ, ಎದುರಿಗಿದ್ದ ಅಷ್ಟು ದೊಡ್ಡ ಮಂಕರಿ ಅದಕ್ಕೆ ಕಾಣಲಿಲ್ಲವೇ?

ಮಾದಯ್ಯ ಕಟಕಟೆಯಿಂದಲೇ ಬಾಯಿ ತೆರೆದ. ಜೋರಾಗಿ ಓಡಿಸಿದ್ದೆ ಎಂದು ಹೇಳಲೆಂದೇ ತೆರೆದದ್ದು, ನನಗೆ ಗೊತ್ತು. ದೇವೀರಮ್ಮ ಅವನನ್ನು ನೋಡಿದಳು, ಕಿಟಕಿಯಾಚೆ ಹುಣಸೆಮರದ ಕಡೆ ನೋಡಿದಳು.

“ಅದು ನನ್ತಾವ್ಕೇ ಬಂದಿದ್ದು ಸಾಮಿ,” ಎಂದಳು. “ದಿನಾ ಛತ್ರದ ಮೆಟ್ಲತಾವ ಕೂತಿರ್ತೀನಿ, ಹೋಗ್ತಾ ಬತ್ತಾ ಸಿಪ್ಪೆ ತಿನ್ಸ್ತೀನಿ. ಆವತ್ತು ಛತ್ರದಲ್ಲಿ ಮದ್ವೆ. ಏಳೇ ಮುದ್ಕಿ ಅಂದ್ರು, ಈಚೆ ಬದಿಗೆ ಬಂದು ಕೂತೆ. ವಾಸ್ನೆ ಹಿಡ್ಕೊಂಡು ಬಂದ್ಬುಡ್ತು. ಕೋಪದಲ್ಲಿ ನಾನೇ ಬಾಯಿ ಮಾಡ್ದೆ.”

ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ನನಗೆ ಮಾತ್ರ ತಕ್ಷಣ ಅನುಮಾನ: ನಿಂಗಮ್ಮ ಈ ಮುದುಕಿಯನ್ನು ಒಲಿಸಿಕೊಂಡಿದ್ದಾಳೆಯೇ? ತಿರುಗಿ ನೋಡಿದರೆ ನಿಂಗಮ್ಮ ನನಗಿಂತ ಹೆಚ್ಚು ಬೆರಗಾಗಿ ಬಾಯಿ ಬಿಟ್ಟುಕೊಂಡು ಕೂತಿದ್ದಳು. ದಿನವೂ ಕೈಯಾರೆ ತಿನ್ನಿಸುವವಳಿಗೆ ಮಣಿಕುಚ್ಚಿನ ಹಿಂದೆ ಏನಿದೆಯೆಂದು ತಿಳಿಯದೆ ಇರುತ್ತದೆಯೇ ಎಂದು ನನಗೆ ಹೊಳೆದದ್ದು ಮನೆಗೆ ಬಂದು ಕೈಕಾಲು ತೊಳೆಯುವಾಗ.

ಅತಿವೇಗ ರುಜುವಾತಾಗಿಲ್ಲವೆಂದು ಅಮಲ್ದಾರರು ಕೇಸು ವಜಾ ಮಾಡಿದರು. ಎದ್ದು ಹೋಗುವ ಮುಂಚೆ ಕಿಟಕಿಯ ಬಳಿ ನಿಂತು ಕುದುರೆಯನ್ನು ಸ್ವಲ್ಪ ಹೊತ್ತು ನೋಡಿದರು. ಬಿಸಿಲು ಅದರ ಮುಖಕ್ಕೆ ನೇರ ಹೊಡೆಯುತ್ತಿತ್ತು. ಅದು ತಲೆ ತಗ್ಗಿಸಿರಲಿಲ್ಲ.

“ಆ ಕುದುರೆಗೆ ಹಣ್ಣಿನ ಚಪಲ ಜಾಸ್ತಿ ಮಾದಯ್ಯ,” ಎಂದರು. “ಅದನ್ನ ಇನ್ನು ಬಾಡಿಗೆ ಗಾಡಿಗೆ ಕಟ್ಟಬೇಡ. ಬೇರೆ ಕುದುರೆ ಮಾಡಿಕೊ. ಮತ್ತೆ ಕಟ್ಟಿದ್ದು ನನ್ನ ಕಣ್ಣಿಗೆ ಬಿದ್ದರೆ ಬಿಲ್ಲೆ ನಾನೇ ತೆಗೆಸುತ್ತೇನೆ.”

ಅವರಿಗೆ ಎಷ್ಟು ಗೊತ್ತಾಗಿತ್ತು ಎನ್ನುವ ಸಂಶಯ ನನಗೆ ಈಗಲೂ ಇದೆ. ಕೇಳುವ ಧೈರ್ಯ ಬರಲಿಲ್ಲ.

ಮರದ ಕೆಳಗೆ ಮಾದಯ್ಯ ಚಂದ್ರಿಯ ಕತ್ತು ಸವರುತ್ತ ನಿಂತಿದ್ದ. ಗೆದ್ದವನ ಮುಖವಲ್ಲ. “ನನ್ ಮಗೀಗೆ ಚಪಲ ಅಂದ್ಬುಟ್ರಲ್ಲ ಬುದ್ಧಿ,” ಎಂದು ನನ್ನ ಮೇಲೇ ಸಿಟ್ಟಾದ. ಆಮೇಲೆ ನಿಂಗಮ್ಮ ಹತ್ತಿರ ಬಂದು, ಯಾರೂ ಹೇಳದೆಯೇ ಮಣಿಕುಚ್ಚು ಎತ್ತಿ ನೋಡಿದಳು. “ನಂಗೊಂದ್ ಮಾತು ಏಳ್ಬಾರ್ದಾಗಿತ್ತಾ,” ಎಂದು ಗಂಡನಿಗೆ ಹೇಳಿ, ಲಗಾಮು ತಾನೇ ಹಿಡಿದು ಹೆಡತಲೆಯ ದಾರಿ ಹಿಡಿದಳು. ಅವಳಿಗೆ ಕುದುರೆ ನಡೆಸಿ ಅಭ್ಯಾಸವಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವಳೂ ಅದರ ಜೊತೆ ಮಾತಾಡುತ್ತ ಹೋಗುತ್ತಿದ್ದುದು ಕೇಳಿಸಿತು.

ವಾರದೊಳಗೆ ನರಸೀಪುರದಿಂದ ಭಾವಮೈದುನನ ತಟ್ಟು ಬಂತು. ಮಾದಯ್ಯ ಅದರ ಹಲ್ಲು, ಗೊರಸು, ಕಣ್ಣು ಎಲ್ಲ ತಿರುತಿರುಗಿಸಿ ನೋಡಿ, ಏನೂ ಸಿಗದೆ ಬೇಜಾರಿನಿಂದ ಗಾಡಿಗೆ ಕಟ್ಟಿದ. ನನ್ನ ಕೊಡೆ ಕಂಡರೆ ಅದು ಚೆನ್ನಾಗಿಯೇ ಬೆದರುತ್ತಿತ್ತು. ಮಾದಯ್ಯ ಹೆಡತಲೆಗೆ ಹೋಗುವಾಗಲೆಲ್ಲ ದೇವೀರಮ್ಮ ಚಂದ್ರಿಗೆಂದು ಒಂದು ಚೀಲ ಸಿಪ್ಪೆ ಕಟ್ಟಿಕೊಡುತ್ತಿದ್ದಳು.

ನಮ್ಮ ಕಸುಬಿನಲ್ಲಿ ಇಲ್ಲವೆನ್ನುವವನನ್ನು ಸಂಶಯಪಡಲು ಕಲಿಸುತ್ತಾರೆ. ಹೌದೆಂದವನನ್ನು ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಕಚೇರಿಗೆ ಹೊತ್ತು ಉಳಿಯುತ್ತದೆ, ಪೊಲೀಸರಿಗೆ ಕೆಲಸ ಮುಗಿಯುತ್ತದೆ, ವಕೀಲನಿಗೂ ಬಿಡುವು. ಮಾದಯ್ಯ ಆ ಅವಸರದೊಳಗೇ ತನ್ನ ಕುದುರೆಯನ್ನು ಬಚ್ಚಿಡಲು ನೋಡಿದ. ಈಗಲೂ ಯಾರಾದರೂ ನನ್ನ ಜಗುಲಿಗೆ ಬಂದು ತಪ್ಪು ನಂದೇ ಸಾಮಿ ಎಂದರೆ, ಒಳಗೆ ಮಜ್ಜಿಗೆ ಹೇಳುತ್ತೇನೆ. ಅವನು ಅದನ್ನು ಕುಡಿದು ಮುಗಿಸಲಿ ಎಂದು ಕಾಯುತ್ತೇನೆ. ಆಮೇಲೆ, ಮನೆಯಲ್ಲಿ ಯಾರ್ಯಾರು ಇದ್ದಾರೆ, ಕೊಟ್ಟಿಗೆಯಲ್ಲಿ ಏನೇನಿದೆ ಎಂದು ಅಲ್ಲಿಂದ ಕೇಳಲು ಶುರುಮಾಡುತ್ತೇನೆ.